ಆ ಅರ್ಧ ಮೂಟೆ

ಪುಟ್ಟೀ,

ಮೊನ್ನೆ ಫೋನಿನಲ್ಲಿ ಕೂಗಾಡಿದ್ದು ನನ್ನ ತಪ್ಪು. ಕೆಲಸ ಬಿಟ್ಟು ಮೂಡಿಗೆರೆಗೆ ಬಾ ಅಂದಿದ್ದೂ ತಪ್ಪು. ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆಯ ನಡುವಿನ ಡಿಸ್ಕ್ ಉಬ್ಬಿದೆ ಅಂತ ನೀನು ರಿಪೋರ್ಟ್ ಓದಿದಾಗ ನನಗೆ ಕೈಕಾಲೇ ಆಡಲಿಲ್ಲ.

ನಿನ್ನೆ ಚಿಕ್ಕಮಗಳೂರಿಗೆ ಹೋಗಿ ಮೂಳೆ ಡಾಕ್ಟರನ್ನು ಕಂಡೆ. ಪ್ಲಾಸ್ಟಿಕ್ ಬೆನ್ನುಮೂಳೆ ಕೈಗೆ ಕೊಟ್ಟು ತೋರಿಸಿದರು. ಸೊಂಟದಲ್ಲಿ 5 ಮೂಳೆ. ಮೇಲಿನ ಭಾರವೆಲ್ಲ ಇಳಿಯುವುದು ಅಲ್ಲಿಗೇ, ಅದಕ್ಕೇ ಕತ್ತು, ಎದೆಯ ಹಿಂದಿನವಕ್ಕಿಂತ ದಪ್ಪ. ಎದೆಯ ಹಿಂದಿನವಕ್ಕೆ ಪಕ್ಕೆಲುಬಿನ ಆಸರೆ ಇದೆ, ಇವಕ್ಕಿಲ್ಲ. ನಡುನಡುವೆ ಡಿಸ್ಕ್. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು. ಬಗ್ಗುವಾಗ ಜಾಸ್ತಿ ಕೆಲಸ ಕೆಳಗಿನ ಎರಡು ಡಿಸ್ಕಿಗೇ ಅಂತೆ. ಅಲ್ಲಿ ಉಬ್ಬಿ ನರ ಒತ್ತಿದರೆ ನೋವು ಕಾಲಿಗೆ ಇಳಿಯುತ್ತದೆ. ನಿನ್ನ ಹೆಬ್ಬೆರಳು ಜುಮ್ ಅನ್ನುವುದು ಅದಕ್ಕೇ ಇರಬೇಕು ಅಂದರು.

ಆಗ ಆ ಅರ್ಧ ಮೂಟೆ ಕಣ್ಣ ಮುಂದೆ ಬಂತು. ನೀನಾಗ ಒಂಬತ್ತನೇ ಕ್ಲಾಸು. ರೋಬಸ್ಟಾ ಕಾಫಿ ಕೊಯ್ಲು, ಆಳು ಬಂದಿರಲಿಲ್ಲ. ಹಳ್ಳದಿಂದ ಕಣದವರೆಗೆ ಬರೀ ಏರು. ಹಸಿ ಹಣ್ಣಿನ ಅರ್ಧ ಮೂಟೆ ನಿನ್ನ ಬೆನ್ನಿಗೆ ಹೊರಿಸಿದೆ. ಒಂದಲ್ಲ, ಮೂರು ಸಲ. ಮೂರನೇ ಸಲ ನೀನು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತೆ. "ನೀವು ಹೋಗ್ತಿರಿ ಅಪ್ಪ, ಬರ್ತೀನಿ" ಅಂದೆ. ನಾನು ತಿರುಗಿಯೂ ನೋಡಲಿಲ್ಲ. ಸಂಜೆ ಜಗುಲಿಗೆ ಬಂದವರಿಗೆಲ್ಲ ನನ್ನ ಮಗಳು ಗಂಡಾಳಿಗೆ ಕಮ್ಮಿ ಇಲ್ಲ ಅಂತ ಹೇಳಿಕೊಂಡೆ. ನೀನು ಒಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ.

ಡಾಕ್ಟರನ್ನು ಕೇಳೇಬಿಟ್ಟೆ. ಅಂದಿನ ಒಂದು ದಿನದ ಹೊರೆಯೇ ಕಾರಣ ಅನ್ನೋಕಾಗಲ್ಲ, ನೋವೇ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುತ್ತದೆ ಅಂದರು. ಆದರೂ ಇವತ್ತು ಆ ಮರದ ಕಡೆ ಹೋಗಲು ಮನಸ್ಸಾಗಲಿಲ್ಲ.

ಸುಮ್ನೆ ಮಲಗಿಬಿಡಬೇಡ, ದಿನಾ ನಡಿ. ಕಂಪ್ಯೂಟರ್ ಮುಂದೆ ಒಂದೇ ಸಮ ಕೂರಬೇಡ. ನೀರಿನ ಕ್ಯಾನ್ ನೀನು ಎತ್ತಲೇಬೇಡ. ಇನ್ನೊಂದು ಮಾತು. ಬೆನ್ನುಹುರಿ ಸೊಂಟದ ಮೊದಲ ಒಂದೆರಡು ಮೂಳೆಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ಕುದುರೆ ಬಾಲದ ಹಾಗೆ ನರಗಳ ಗೊಂಚಲು. ಅದಕ್ಕೆ ಒತ್ತು ಬಿದ್ದರೆ ಮೂತ್ರ ಕಟ್ಟಬಹುದು, ಕೂರುವ ಜಾಗ ಮರಗಟ್ಟಬಹುದು. ಹಾಗೇನಾದರೂ ಆದರೆ ಅರ್ಧರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗು. ಆಫೀಸು, ಮೀಟಿಂಗು ಅನ್ನಬೇಡ. ನೀನು ನೋವು ನುಂಗಿಕೊಳ್ಳುವವಳು, ಅದೇ ನನಗೆ ಭಯ.

ಮೊಬೈಲ್ ಫೋಟೋ ಸಾಲದು, ನಿನ್ನ ಸ್ಕ್ಯಾನಿನ ಫಿಲ್ಮ್ ನೋಡಬೇಕು ಅಂದಿದ್ದಾರೆ ಡಾಕ್ಟರು. ಶನಿವಾರ ರಾತ್ರಿ ಬಸ್ಸು ಹತ್ತುತ್ತೇನೆ. ಮೆಜೆಸ್ಟಿಕ್‌ಗೆ ಬರಬೇಡ, ನಾನೇ ರೂಮಿಗೆ ಬರುತ್ತೇನೆ.

ಅಪ್ಪ