ಕಾಲೇಜಿನ ಮೊದಲ ಗಣಿತ ಕೋರ್ಸ್: ಪಾಲಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಆಗಸ್ಟ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರುವ ಮಕ್ಕಳಿರುವವರು ದಯವಿಟ್ಟು ಓದಿ.

ಓರಿಯೆಂಟೇಶನ್‌ಗೆ (ಹೊಸಬರಿಗೆ ಕಾಲೇಜಿನ ಪರಿಚಯ ಕಾರ್ಯಕ್ರಮ) ಮುಂಚೆಯೇ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ, ಅಂದರೆ ಯಾವ ಗಣಿತ ಕೋರ್ಸ್‌ನಿಂದ ಶುರು ಮಾಡಬೇಕೆಂದು ನೋಡುವ ಪರೀಕ್ಷೆ, ಮುಗಿಸಿ. ಹಲವು ಕಾಲೇಜುಗಳಲ್ಲಿ ಅದು ಅಲೆಕ್ಸ್ (ALEKS) ಎಂಬ ಆನ್‌ಲೈನ್ ಪರೀಕ್ಷೆ, ಹೆಚ್ಚೆಂದರೆ 30 ಪ್ರಶ್ನೆ. ಮನೆಯಲ್ಲೇ ಬರೆದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಅಂಕ ಜಾಸ್ತಿ ಬಂದು ನೇರ ಕ್ಯಾಲ್ಕುಲಸ್‌ಗೆ ಹೋದರೆ, ಲಾಗರಿದಮ್, ತ್ರಿಕೋನಮಿತಿ ಎಲ್ಲ ಗೊತ್ತಿದೆ ಅಂತಲೇ ಪಾಠ ಶುರುವಾಗುತ್ತದೆ. ಆಮೇಲೆ ಒದ್ದಾಡುವುದು ಮಕ್ಕಳೇ ಅಲ್ವಾ?

ಹೈಸ್ಕೂಲಿನಲ್ಲೇ ಎಪಿ (ಕಾಲೇಜು ಮಟ್ಟದ) ಕ್ಯಾಲ್ಕುಲಸ್ ಪರೀಕ್ಷೆ ಬರೆದವರು ಅಂಕಗಳನ್ನು ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಮೂಲಕವೇ ಕಾಲೇಜಿಗೆ ಕಳಿಸಬೇಕು.

ಎಂಜಿನಿಯರಿಂಗ್‌ಗೆ ಕ್ಯಾಲ್ಕುಲಸ್ ಬೇಕೇ ಬೇಕು. ಮನಃಶಾಸ್ತ್ರ, ಸಮಾಜಶಾಸ್ತ್ರಕ್ಕೆ ಎಷ್ಟೋ ಕಡೆ ಸ್ಟ್ಯಾಟಿಸ್ಟಿಕ್ಸ್ ಸಾಕು. ಅಡ್ವೈಸರ್ (ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಕಾಲೇಜು ಸಿಬ್ಬಂದಿ) ಹತ್ತಿರ ಕೇಳದೆ ಸುಮ್ನೆ ಯಾವುದೋ ಗಣಿತ ಕೋರ್ಸ್ ತೆಗೆದುಕೊಳ್ಳಬೇಡಿ.

ಮಗುವಿನ ಕಾಲೇಜು, ಮೇಜರ್ (ಮುಖ್ಯ ವಿಷಯ) ಯಾವುದೆಂದು ಭಾನುವಾರದೊಳಗೆ ಇಲ್ಲಿ ಬರೆಯಿರಿ. ಅಲ್ಲೇ ಓದುತ್ತಿರುವ ನಮ್ಮ ಮಕ್ಕಳ ಜೊತೆ ಮಾತಾಡಿಸೋಣ.