ಮೂರು ಹಾಡು ಸಾಕು, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಎರಡು ಸಲ ಓದಿದೆ. ಡಿಸೆಂಬರ್ 31ರ ರಾತ್ರಿ ನಿಮ್ಮ ಗುಂಪು ಎಂಟು ದೇಶಗಳ ಎಂಟು ಹಾಡು ಹಾಡಬೇಕು ಅಂತಿದೆ, ನೀನೇ ಮುಂದೆ ನಿಂತು ನಡೆಸಬೇಕು, ಅಲ್ವಾ? ತುಂಬಾ ಸಂತೋಷ ಆಯಿತು. ಆದರೆ ಎಂಟು ಜಾಸ್ತಿ ಆಯಿತು ಮಗಳೇ. ಇರೋದು ಆರು ವಾರ. ಮೂರು ಹಾಡು ತಗೋ. ಆ ಮೂರರ ಒಂದೊಂದು ಮಾತಿನ ಅರ್ಥವೂ ನಿಮ್ಮೆಲ್ಲರಿಗೂ ಗೊತ್ತಿರಲಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಾನು ಒಮ್ಮೆ ಹೀಗೇ ಎಡವಿದ್ದೇನೆ. ಬಹಳ ವರ್ಷದ ಹಿಂದೆ ನಾವು, ಹೊಸ ವರ್ಷ ಬಂದಾಗ ಹಾಡುತ್ತಾರಲ್ಲ, ಸ್ಕಾಟ್ಲೆಂಡಿನ ಆ 'ಆಲ್ಡ್ ಲಾಂಗ್ ಸೈನ್' ಹಾಡಿದೆವು. ಬರುತ್ತಿದ್ದದ್ದು ಒಂದೇ ಚರಣ. ಉಳಿದದ್ದನ್ನು ಲಾ ಲಾ ಅಂತ ತೇಲಿಸಿಬಿಟ್ಟೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೊನೆಗೆ ನನ್ನ ಹತ್ತಿರ ಬಂದು, "ಹೊಳೆಯ ಚರಣ ಯಾಕಮ್ಮ ಬಿಟ್ಟಿರಿ?" ಅಂತ ಕೇಳಿದರು. ಆ ಹಾಡಿನಲ್ಲಿ ಹೊಳೆ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅವತ್ತು ಮನೆಗೆ ಹೋಗಿ ಐದೂ ಚರಣ ಕೂತು ಓದಿದೆ. ನಿಮ್ಮ ಮೂರರಲ್ಲಿ ಒಂದು ಇದೇ ಇರಲಿ.

ಓದಿದ ಮೇಲೆ ಗೊತ್ತಾಯಿತು, ಅದರಲ್ಲಿ ಹೊಸ ವರ್ಷದ ಮಾತೇ ಇಲ್ಲ! ಇಬ್ಬರು ಹಳೆಯ ಗೆಳೆಯರು ಮಾತಾಡಿಕೊಳ್ಳುತ್ತಾರೆ. ಚಿಕ್ಕವರಿದ್ದಾಗ ಗುಡ್ಡದ ಮೇಲೆ ಓಡಾಡಿ ಡೈಸಿ ಹೂ ಕಿತ್ತೆವು, ಆಮೇಲೆ ಎಷ್ಟೋ ದೂರ ಕಾಲು ಸವೆಸಿದೆವು. ಬೆಳಗಿನಿಂದ ಊಟದ ಹೊತ್ತಿನ ತನಕ ಹೊಳೆಯಲ್ಲಿ ಆಡಿದೆವು, ಈಗ ನಮ್ಮ ನಡುವೆ ದೊಡ್ಡ ದೊಡ್ಡ ಕಡಲು ಮೊರೆಯುತ್ತಿವೆ. ಕೊನೆಗೆ ಒಬ್ಬ ಕೈ ಚಾಚುತ್ತಾನೆ, ನಿನ್ನ ಕೈಯನ್ನೂ ಕೊಡು ಅನ್ನುತ್ತಾನೆ. ಸ್ಕಾಟ್ಲೆಂಡಿನಲ್ಲಿ ಜನ ತೋಳು ಅಡ್ಡ ಹಾಕಿ ಪಕ್ಕದವರ ಕೈ ಹಿಡಿಯುವುದು ಈ ಕೊನೆಯ ಚರಣಕ್ಕೇ. ಬೇರೆ ಕಡೆ ಮೊದಲಿನಿಂದಲೇ ಹಿಡಿದುಕೊಂಡು ನಿಲ್ಲುತ್ತಾರೆ. ನೀವು ಹಾಗೆ ಮಾಡಬೇಡಿ. ಕಾಯಿರಿ. ಆ ಸಾಲು ಬಂದಾಗ ಕೈ ಹಿಡಿದರೆ ಅದರ ಸುಖವೇ ಬೇರೆ.

ಇದನ್ನು ಅಲ್ಲಿಯ ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಬರೆದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬ ಮುದುಕ ಹಾಡಿದ್ದನ್ನು ಕೇಳಿ ಬರೆದುಕೊಂಡೆ ಅಂತ ಅವನೇ ಹೇಳಿಕೊಂಡಿದ್ದಾನೆ. ಅಚ್ಚಾಗಿದ್ದು 1796ರಲ್ಲಿ, ಅವನು ತೀರಿಕೊಂಡ ವರ್ಷ. ನಾವೆಲ್ಲ ಹಾಡುವ ಮಟ್ಟು ಅದಕ್ಕೆ ಸೇರಿದ್ದು 1799ರ ಒಂದು ಸಂಗ್ರಹದಲ್ಲಿ. ಅಂದ್ರೆ ಅವನು ಈ ಹಾಡನ್ನು ಈ ಮಟ್ಟಿನಲ್ಲಿ ಅಚ್ಚಿನಲ್ಲಿ ನೋಡಲೇ ಇಲ್ಲ. ಇದು ನೆನಪಾದಾಗೆಲ್ಲ ನನಗೆ ಒಂಥರಾ ಸಂಕಟ ಆಗುತ್ತದೆ.

ಆ ಮಟ್ಟನ್ನು ನೀನು ಬೇಗ ಕಲಿಯುತ್ತೀಯ. ಸ ರಿ ಗ ಪ ದ, ಐದೇ ಸ್ವರ. ನಮ್ಮ ಮೋಹನ ರಾಗದ ಸ್ವರಗಳೇ. ಶುರುವಾಗುವುದು ಮಂದ್ರ ಪಂಚಮದಲ್ಲಿ (ಕೆಳಗಿನ ಪ), ಏರುವುದು ಮಧ್ಯ ಸ್ಥಾಯಿಯ ಧೈವತದ (ನಡುವಿನ ದ) ತನಕ. ಹಾಗಾಗಿ ಶ್ರುತಿ ಆರಿಸುವಾಗ ಹುಷಾರು. ನಿನ್ನ ಗಂಟಲಿಗೆ ಸರಿಯಾಗಿದೆ ಅಂತ ಮೇಲಿಟ್ಟರೆ ಎದುರಿಗಿರುವ ಗಂಡಸರು, ವಯಸ್ಸಾದವರು ಧೈವತಕ್ಕೆ ಬರುವಷ್ಟರಲ್ಲಿ ಬಾಯಿ ಮುಚ್ಚಿಬಿಡುತ್ತಾರೆ. ಅವರು ಸುಮ್ನೆ ಕೂತು ಕೇಳುವಂತಾದರೆ ನೀವು ಹಾಡಿಯೂ ಏನು ಬಂತು? ಇನ್ನೊಂದು ಚಿಕ್ಕ ಮಾತು, ಉಚ್ಚಾರ 'ಸೈನ್', 'ಝೈನ್' ಅಲ್ಲ.

ಎರಡನೆಯದು, ನಿನ್ನ ಪಟ್ಟಿಯಲ್ಲಿರುವ ಉಕ್ರೇನಿನ ಹೊಸ ವರ್ಷದ ಹಾಡು 'ಶ್ಚೆಡ್ರಿಕ್'. ಇದನ್ನು ಮಾತ್ರ ಬಿಡಬೇಡ. ನೀನು ಕೇಳಿರುವುದು ಅದೇ ಮಟ್ಟಿನ, ಗಂಟೆಗಳ ಇಂಗ್ಲಿಷ್ ಹಾಡು 'ಕ್ಯಾರಲ್ ಆಫ್ ದ ಬೆಲ್ಸ್' ಅನ್ನಿಸುತ್ತದೆ. ಆ ಇಂಗ್ಲಿಷ್ ಮಾತುಗಳು ಬಂದದ್ದು 1936ರಲ್ಲಿ. ಮೂಲದಲ್ಲಿ ಗಂಟೆಯೇ ಇಲ್ಲ. ಸ್ವಾಲೋ ಅನ್ನೋ ಕವಲುಬಾಲದ ಪುಟ್ಟ ಹಕ್ಕಿಯೊಂದು ಹಾರಿ ಬಂದು ಮನೆಯ ಯಜಮಾನನನ್ನು ಕರೆಯುತ್ತದೆ: ಹೊರಗೆ ಬಾ, ಕೊಟ್ಟಿಗೆ ನೋಡು, ನಿನ್ನ ಕುರಿಗಳು ಮರಿ ಹಾಕಿವೆ. ಅಷ್ಟು ಚಳಿಯ ಜನವರಿಯಲ್ಲಿ ಹಕ್ಕಿ ಎಲ್ಲಿಂದ ಬಂತು ಅಂತ ಕೇಳ್ತೀಯಾ? ಆ ಕಡೆ ಹಿಂದೆ ಹೊಸ ವರ್ಷ ಬರುತ್ತಿದ್ದದ್ದು ವಸಂತದಲ್ಲಿ. ವರ್ಷದ ಮೊದಲ ದಿನ ಚಳಿಗಾಲಕ್ಕೆ ಸರಿದರೂ ಹಾಡು ತನ್ನ ಹಕ್ಕಿಯನ್ನು ಬಿಟ್ಟುಕೊಡಲಿಲ್ಲ.

ಆ ಜನಪದ ಹಾಡಿನ ನಾಲ್ಕು ಸ್ವರದ ತುಣುಕನ್ನೇ ಮತ್ತೆ ಮತ್ತೆ ತಿರುಗಿಸಿ ಮೈಕೋಲ ಲಿಯೊಂಟೊವಿಚ್ ಅದನ್ನು ಗುಂಪಿನ ಗಾಯನವಾಗಿ ಕಟ್ಟಿದ. ಕೀವ್‌ನಲ್ಲಿ 1916ರಲ್ಲಿ ಮೊದಲು ಹಾಡಿದರು. 1921ರ ಜನವರಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಮರುವರ್ಷ ಅಕ್ಟೋಬರ್ 5ರಂದು ಉಕ್ರೇನಿನ ಗಾಯಕರು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅದನ್ನು ಹಾಡಿದರು. ನೀವು ಉಕ್ರೇನಿ ಭಾಷೆಯಲ್ಲೇ ಹಾಡಿ. ಕಷ್ಟ ಅನ್ನಬೇಡ, ಸಾಲುಗಳು ತೀರಾ ಚಿಕ್ಕವು. ಹಾಡೋ ಮೊದಲು ಹಕ್ಕಿಯ ಕಥೆಯನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳು. ವೇಗ ಮಾತ್ರ ಹಿಡಿತದಲ್ಲಿರಲಿ, ಆ ತುಣುಕು ಓಡು ಓಡು ಅಂತ ಎಳೆಯುತ್ತದೆ.

ಮೂರನೆಯದು ಗ್ರೀಸಿನ ಮಕ್ಕಳ ಹಾಡು. ನಿಮ್ಮ ಗುಂಪಿನ ಚಿಕ್ಕವರಿಗೆ ಕೊಡು. ಅಲ್ಲಿ ಡಿಸೆಂಬರ್ 31ರಂದು ಮಕ್ಕಳು ಕಬ್ಬಿಣದ ಮುಕ್ಕೋನ ಸರಳು ಬಡಿಯುತ್ತಾ ಮನೆ ಮನೆಗೆ ಹೋಗುತ್ತಾರೆ. ಬಾಗಿಲು ತೆಗೆದ ಕೂಡಲೇ ಹಾಡುವುದಿಲ್ಲ. ಮೊದಲು "ಹೇಳೋಣವಾ?" ಅಂತ ಕೇಳುತ್ತಾರೆ. ಒಳಗಿನವರು ಹೂಂ ಅಂದ ಮೇಲೆಯೇ ಹಾಡು. ಹಾಡಿನಲ್ಲಿ ಸಂತ ಬೇಸಿಲ್ ಕಾಗದ, ಲೇಖನಿ ಹಿಡಿದು ಸಿಸೇರಿಯಾ ಅನ್ನೋ ಊರಿನಿಂದ ಬರುತ್ತಾನೆ. ಅಕ್ಷರ ಬರುತ್ತಾ, ಹೇಳು ನೋಡೋಣ ಅಂದರೆ ಕೋಲಿಗೆ ಒರಗಿ ಹೇಳತೊಡಗುತ್ತಾನೆ, ಕೋಲು ಚಿಗುರಿ ರೆಂಬೆ ಬಿಡುತ್ತದೆ. ನನಗಂತೂ ಈ ಮೂರರಲ್ಲಿ ತುಂಬಾ ಇಷ್ಟವಾದ ಸಾಲು ಅದೇ.

ರೊಮೇನಿಯಾದ ನೇಗಿಲ ಹಾಡು ಪಟ್ಟಿಯಿಂದ ತೆಗಿ. ಅದನ್ನು ಹಾಡುವುದಕ್ಕಿಂತ ಕೂಗಿ ಹೇಳುವುದೇ ಜಾಸ್ತಿ, ಗಂಟೆ ಬೇಕು, ಚಾಟಿಯ ಸದ್ದು ಬೇಕು. ಇನ್ನೊಂದು ವರ್ಷ ನೋಡೋಣ.

ಗ್ರೀಸಿನ ಮಕ್ಕಳು ಕೇಳ್ತಾರಲ್ಲ, ಅದನ್ನು ನೀವೂ ಮಾಡಿ. ಈ ಹಾಡುಗಳಲ್ಲಿ ಎಲ್ಲವೂ ಒಬ್ಬರಿಗೆ ಒಬ್ಬರು ಹೇಳಿದ ಮಾತೇ. ಗೆಳೆಯನಿಗೆ, ಮನೆ ಯಜಮಾನನಿಗೆ, ಬಾಗಿಲು ತೆಗೆದವರಿಗೆ. ಆದ್ದರಿಂದ ಕೈಯಲ್ಲಿ ಹಾಳೆ ಹಿಡಿದು ತಲೆ ಬಗ್ಗಿಸಿ ಹಾಡಬೇಡಿ. ಮುಂದಿರುವವರ ಮುಖ ನೋಡಿ. ಮೊದಲು ಮಕ್ಕಳು, ಆಮೇಲೆ ಹಕ್ಕಿ, ಹನ್ನೆರಡು ಹೊಡೆದ ಮೇಲೆ ಸ್ಕಾಟ್ಲೆಂಡಿನದು. ಅದರ ಪಲ್ಲವಿಯನ್ನು ದೊಡ್ಡ ಅಕ್ಷರದಲ್ಲಿ ಕನ್ನಡ ಲಿಪಿಯಲ್ಲಿ ಬರೆದು ಎಲ್ಲರಿಗೂ ಕೊಡು. ಚರಣ ನೀವು ಹಾಡಿ, ಪಲ್ಲವಿ ಅವರ ಪಾಲಿಗೆ ಬಿಡಿ.

ಮೊದಲ ಅಭ್ಯಾಸ ಆದ ದಿನವೇ ರೆಕಾರ್ಡ್ ಮಾಡಿ ನನಗೆ ಕಳಿಸು. ಚೆನ್ನಾಗಿಲ್ಲ ಅಂತ ತಡಮಾಡಬೇಡ. ಶ್ರುತಿ ಮೇಲಾಗಿದೆಯಾ ಅನ್ನೋದು ಕೇಳಿದ ತಕ್ಷಣ ಹೇಳಿಬಿಡ್ತೀನಿ. ಮತ್ತೆ, ಐದೂ ಚರಣ ಇರಲಿ ಕಣೇ. ಹೊಳೆಯದು ಬಿಡಬೇಡ.

ನಿನ್ನ
ದೊಡ್ಡಮ್ಮ