ಹಾಲು ಕಕ್ಕುವ ಕೂಸಿಗೆ ಕೆಮ್ಮಿನ ಸಿರಪ್ ಬೇಡ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಔಷಧ ಅಂಗಡಿಗಳ ಮುಂದೆ 'ಎರಡು ತಿಂಗಳ ಮಗು, ಹಾಲು ಕಕ್ಕುತ್ತೆ, ಕೆಮ್ಮುತ್ತೆ, ಏನಾದ್ರೂ ಕೊಡಿ' ಎನ್ನುವವರು ಹೆಚ್ಚುತ್ತಾರೆ. ಕೇಳಿದವರಿಗೆ ಸಿರಪ್ಪೋ ಹನಿಮದ್ದೋ ಸಿಕ್ಕಿಯೂ ಬಿಡುತ್ತದೆ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಔಷಧವನ್ನು ಬರೆಯಲೂ ಬಾರದು, ಕೊಡಲೂ ಬಾರದು ಎಂದು ಸೂಚಿಸಿತು. ಸಿರಪ್ ಶುದ್ಧವಾಗಿದ್ದರೂ ಈ ಮಾತು ಬದಲಾಗುವುದಿಲ್ಲ. ಎಳೆಗೂಸಿನ ಕೆಮ್ಮು ಅದರಿಂದ ಗುಣವಾಗುವುದಿಲ್ಲ. ಮಂಪರು ಕವಿದು ಉಸಿರಾಟ ಕುಗ್ಗುವ ಅಪಾಯ ಮಾತ್ರ ಇದ್ದೇ ಇರುತ್ತದೆ.

ಅನ್ನನಾಳ ಜಠರವನ್ನು ಸೇರುವಲ್ಲಿ ಬಾಯಿ ಬಿಗಿಯುವ ಸ್ನಾಯು ಎಳೆಗೂಸುಗಳಲ್ಲಿ ಇನ್ನೂ ಬಲಿತಿರುವುದಿಲ್ಲ. ವಾರದ ಕೂಸಿನ ಹೊಟ್ಟೆ ಹಿಡಿಯುವುದು ಸುಮಾರು 45ರಿಂದ 60 ಮಿ.ಲೀ. ಹಾಲು. ಆಹಾರವೆಲ್ಲ ದ್ರವ, ದಿನದ ಬಹುಪಾಲು ಮಲಗಿಯೇ ಇರುವುದು. ಹೀಗಿರುವಾಗ ಒಂದಿಷ್ಟು ಹಾಲು ಮೇಲಕ್ಕೆ ಬರುವುದು ಸಹಜ. ನಾಲ್ಕನೇ ತಿಂಗಳ ಹೊತ್ತಿಗೆ ಇದು ಜಾಸ್ತಿಯಾಗಿ, ಕೂಸು ಕೂರಲು ಕಲಿತ ಮೇಲೆ ತಗ್ಗುತ್ತಾ, ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಲ್ಲಿ ನಿಂತೇ ಹೋಗುತ್ತದೆ. ಕಕ್ಕಿದ್ದು ಮೊಸರಿನಂತೆ ಒಡೆದಿದ್ದರೆ ಅಜೀರ್ಣವೆಂದು ಅಜ್ಜಿಯರು ಗಾಬರಿಯಾಗುತ್ತಾರೆ. ಜಠರದ ಆಮ್ಲ ತಾಗಿದ ಹಾಲು ಒಡೆಯಲೇಬೇಕು. 'ಕುಡಿದದ್ದೆಲ್ಲ ಹೊರಗೆ ಬಂತು' ಎನ್ನುವವರು ಒಂದು ಚಹಾ ಚಮಚ ನೀರನ್ನು ಹತ್ತಿ ಬಟ್ಟೆಯ ಮೇಲೆ ಸುರಿದು ನೋಡಲಿ: ಐದೇ ಮಿ.ಲೀ. ನೀರು ಅಂಗೈಯಗಲ ಹರಡುತ್ತದೆ. ಕಣ್ಣಳತೆಗಿಂತ ತೂಕವನ್ನು ನಂಬಬೇಕು. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದು, ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದರೆ, ಕಕ್ಕಿದ ಹಾಲು ಬಟ್ಟೆ ಒಗೆಯುವವರಿಗಷ್ಟೇ ತೊಂದರೆ.

ಕುಡಿಯುವಾಗಲೇ ಕೆಮ್ಮುವುದಕ್ಕೆ ಸಾಮಾನ್ಯ ಕಾರಣ ಹಾಲಿನ ವೇಗ. ಕೂಸು ಚೀಪಲು ಶುರುಮಾಡಿದ ಒಂದೆರಡು ನಿಮಿಷಕ್ಕೆ ಎದೆಹಾಲು ಚಿಮ್ಮಿ ಬರುತ್ತದೆ. ನುಂಗುವುದು ಮತ್ತು ಉಸಿರು ಎಳೆಯುವುದು, ಇವೆರಡರ ತಾಳ ಆಗ ತಪ್ಪುತ್ತದೆ. ಮೊದಲ ಚಿಮ್ಮು ಬಂದಾಗ ಮೊಲೆ ಬಿಡಿಸಿ, ಅದನ್ನು ಬಟ್ಟೆಗೆ ಹೋಗಲು ಬಿಟ್ಟು ಮತ್ತೆ ಕುಡಿಸಬೇಕು. ಇಲ್ಲವೇ ತಾಯಿ ಹಿಂದಕ್ಕೆ ಒರಗಿ, ಕೂಸನ್ನು ತನ್ನ ಎದೆಯ ಮೇಲೆ ಕವುಚಿದಂತೆ ಮಲಗಿಸಿಕೊಂಡು ಕುಡಿಸಿದರೆ ಹಾಲು ಅಷ್ಟು ರಭಸದಿಂದ ಗಂಟಲಿಗೆ ಬೀಳುವುದಿಲ್ಲ. ಬಾಟಲಿ ಬಳಸಲೇಬೇಕಾದವರು ಅದನ್ನು ಬೋರಲು ಹಿಡಿದು ನೋಡಲಿ: ಹಾಲು ಹನಿಹನಿಯಾಗಿ ಬಿದ್ದರೆ ಸರಿ, ಧಾರೆಯಾದರೆ ನಿಪ್ಪಲ್‌ನ ತೂತು ದೊಡ್ಡದು.

ಕೂಸಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು, ಒಳಲೆಯ ವಿಷಯವನ್ನು ಒತ್ತಿ ಹೇಳಲೇಬೇಕು. ಚಾಚಿದ ಕಾಲ ಮೇಲೆ ಕೂಸನ್ನು ಅಂಗಾತ ಹಾಕಿಕೊಂಡು, ಅದು ಅಳಲು ಬಾಯಿ ತೆರೆದಾಗ ಹಾಲು ಸುರಿಯುವ ರೂಢಿ ಇನ್ನೂ ಇದೆ. ಅಳುವ ಕೂಸು ಉಸಿರು ಎಳೆದ ಕ್ಷಣಕ್ಕೆ ಆ ಹಾಲು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ತಲೆ, ಬೆನ್ನಿಗೆ ಆಸರೆ ಕೊಟ್ಟು ಅರೆಕೂತಂತೆ ಹಿಡಿದು, ಒಳಲೆಯ ತುದಿಯನ್ನು ತುಟಿಯ ಅಂಚಿಗೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆಯೇ ಮುಂದಿನ ಗುಟುಕು ಕೊಡಬೇಕು.

ಕುಡಿದಾದ ಮೇಲೆ ಭುಜಕ್ಕೆ ಒರಗಿಸಿ ಬೆನ್ನು ಸವರಿ ತೇಗಿಸಿ. ಐದು ನಿಮಿಷವಾದರೂ ತೇಗು ಬರದಿದ್ದರೆ ಚಿಂತೆಯಿಲ್ಲ, ಜೋರಾಗಿ ತಟ್ಟುವುದೂ ಬೇಡ. 20–30 ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಆಮೇಲೆ ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ದಿಂಬು ಬೇಡ. ಕಕ್ಕಿದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಅನೇಕರು ಬೋರಲು ಮಲಗಿಸುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುವುದರಿಂದ ಬಂದ ಹಾಲು ಹಿಂದಕ್ಕೇ ಜಾರುತ್ತದೆ. ಬೋರಲಾದಾಗ ಇದು ತಿರುಗುಮುರುಗಾಗುತ್ತದೆ. ಹಠಾತ್ ಸಾವಿನ ಅಪಾಯವೂ ಬೋರಲು ಮಲಗುವ ಕೂಸುಗಳಿಗೇ ಹೆಚ್ಚು.

ಹಾಲು ನೆತ್ತಿಗೆ ಹತ್ತಿದಾಗ ತಲೆ ತಟ್ಟುವುದರಿಂದ, ನೆತ್ತಿಗೆ ಊದುವುದರಿಂದ ಪ್ರಯೋಜನವಿಲ್ಲ. ಕೂಸು ಕೆಮ್ಮುತ್ತಾ ಅಳುತ್ತಾ ಇದೆಯೆಂದರೆ ಗಾಳಿ ಆಡುತ್ತಿದೆ. ನೆಟ್ಟಗೆ ಎತ್ತಿ ಸ್ವಲ್ಪ ಮುಂದಕ್ಕೆ ಬಾಗಿಸಿ, ತುಟಿಯ ಹಾಲು ಒರೆಸಿದರೆ ಸಾಕು. ಬಾಯೊಳಗೆ ಬೆರಳು ಹಾಕಬಾರದು. ದನಿಯೇ ಹೊರಡದೆ ನೀಲಿಗಟ್ಟಿದರೆ ಮಾತ್ರ ತಲೆ ತಗ್ಗಿಸಿ ಮುಂಗೈ ಮೇಲೆ ಕವುಚಿ ಹಾಕಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು ಕೊಡುತ್ತಾ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು.

ಬಾಣಂತನದ ಮನೆಗಳಲ್ಲಿ ಕೆಮ್ಮು ಹೆಚ್ಚಿಸುವ ಎರಡು ರೂಢಿಗಳಿವೆ. ಎರೆಯುವಾಗ ಮೂಗಿಗೆ ಎಣ್ಣೆ ಬಿಡುವುದು ಒಂದು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಆಗುವ ನ್ಯುಮೋನಿಯಾ ಬೇಗ ವಾಸಿಯಾಗುವಂಥದ್ದಲ್ಲ. ಇನ್ನೊಂದು, ಸ್ನಾನದ ನಂತರ ಕೋಣೆ ಮುಚ್ಚಿ ಸಾಂಬ್ರಾಣಿ ಹೊಗೆ ಹಿಡಿಯುವುದು. ತಲೆ ಆರಲು ಒಣ ಬಟ್ಟೆ ಸಾಕು. ಮೂಗು ಕಟ್ಟಿದ್ದರೆ ಕುಡಿಸುವ ಮುನ್ನ ಸಲೈನ್ ಹನಿ ಒಂದೆರಡು ಬಿಟ್ಟರಾಯಿತು. ಜೇನುತುಪ್ಪ ವರ್ಷದೊಳಗೆ ಬೇಡವೇ ಬೇಡ. ಗ್ರೈಪ್ ವಾಟರ್, ತೇಯ್ದ ಬಜೆಯೂ ಬೇಡ.

ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು ಬೇರೆಯೇ ಇವೆ. ಹಸಿರು ಬಣ್ಣದ ವಾಂತಿ ಕರುಳು ತಿರುಚಿಕೊಂಡದ್ದರ ಸೂಚನೆ ಇರಬಹುದು. ಒಂದು ಸಲ ಬಂದರೂ ಕಾಯಬಾರದು. ಎರಡರಿಂದ ಎಂಟು ವಾರದ ಕೂಸು, ಪ್ರತಿ ಸಲ ಕುಡಿದದ್ದನ್ನೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿವೆಂದು ಅತ್ತರೆ ಜಠರದ ಕೆಳಬಾಯಿ ದಪ್ಪವಾಗಿ ಕಟ್ಟಿಕೊಂಡಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ವಾಂತಿಯಲ್ಲಿ ರಕ್ತ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ, ಕುಡಿಯಲು ಒಲ್ಲೆನ್ನುವುದು, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಇವೂ ಅಷ್ಟೇ ತುರ್ತು. ಕೂಸು ಸುಮ್ಮನಿದ್ದಾಗ ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಆಮೇಲೆ ವರ್ಷದವರೆಗೆ 50 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ನಾಯಿಕೆಮ್ಮು ತಗುಲಿದ ಎಳೆಗೂಸು ಕೆಮ್ಮದೆಯೇ ಉಸಿರು ನಿಲ್ಲಿಸಬಲ್ಲದು. ಆದ್ದರಿಂದ 6, 10, 14ನೇ ವಾರದ ಲಸಿಕೆಗಳನ್ನು ಮುಂದೂಡಬಾರದು, ಕೆಮ್ಮುವ ದೊಡ್ಡವರು ಕೂಸನ್ನು ಎತ್ತಿಕೊಳ್ಳಬಾರದು. ಪ್ರತಿ ಸಲ ಕುಡಿಯುವಾಗಲೂ ಕೆಮ್ಮು ಬರುತ್ತಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ, ನುಂಗುವಿಕೆಯನ್ನು ಪರೀಕ್ಷಿಸಿಕೊಳ್ಳಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡುವ ವ್ಯವಸ್ಥೆ ಈಗಾಗಲೇ ಇದೆ. ಅದರಲ್ಲಿ ಒಂದು ಭೇಟಿಯಲ್ಲಾದರೂ ಹಾಲು ಕುಡಿಸುವುದನ್ನು ಮೊದಲಿನಿಂದ ತೇಗುವವರೆಗೆ ಕೂತು ನೋಡಿ ತಿದ್ದಲಿ, ಉಸಿರು ಎಣಿಸುವುದನ್ನು ತಾಯಿಗೂ ಅಜ್ಜಿಗೂ ಕಲಿಸಲಿ. ಎರಡು ವರ್ಷದೊಳಗಿನ ಮಗುವಿಗೆಂದು ಕೆಮ್ಮಿನ ಸಿರಪ್ ಕೇಳಿ ಬಂದವರನ್ನು ಬರಿಗೈಲಿ ವೈದ್ಯರ ಬಳಿಗೆ ಕಳಿಸುವಂತೆ ಔಷಧ ಅಂಗಡಿಗಳಿಗೆ ಆರೋಗ್ಯ ಇಲಾಖೆ ಕಟ್ಟುನಿಟ್ಟಾಗಿ ಹೇಳಲಿ.

– ಶಿಶು ಆರೈಕೆ ವಿಭಾಗದ ಶುಶ್ರೂಷಕಿಯರು, ಮೈಸೂರು